ತೂಕ ಮೊದಲೇ ಹೇಳಿತ್ತು

ನಮ್ಮೂರಿನ ಕಸ ವಿಲೇವಾರಿ ಘಟಕದ ಗೇಟಿನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುತ್ತೇನೆ. ಗಾಡಿ ತೂಕ ಹಾಕಿ ಚೀಟಿ ಕೊಡುವುದು, ಎಲ್ಲಿ ಸುರಿಯಬೇಕು ಅಂತ ಹೇಳುವುದು ನನ್ನ ಕೆಲಸ. ಮನೆ ಕಸ ಎಡಕ್ಕೆ, ಕಟ್ಟಡದ ಡೆಬ್ರಿಸ್ ಬಲಕ್ಕೆ.

ಹೋದ ಮಳೆಗಾಲದಲ್ಲಿ ಹಳೇ ಮನೆ ಒಡೆದ ಮಾಲು ಹೊತ್ತು ಒಂದು ಟ್ರ್ಯಾಕ್ಟರ್ ಬಂತು. ‘ಬರೀ ಇಟ್ಟಿಗೆ ಸಾರ್’ ಅಂದ ಡ್ರೈವರ್. ಮೇಲೆ ಕಂಡಿದ್ದೂ ಇಟ್ಟಿಗೆ ಚೂರು, ಗಾರೆಯೇ. ಟ್ರಾಲಿ ಅಂಚಿನ ತನಕ ತುಂಬಿತ್ತು. ಖಾಲಿ ಗಾಡಿ ತೂಕ ಕಳೆದರೆ ಬಂದಿದ್ದು 1,640 ಕೆಜಿ. ಅಷ್ಟು ದೊಡ್ಡ ಟ್ರಾಲಿ ತುಂಬ ಇಟ್ಟಿಗೆ ಇದ್ದರೆ ನಮ್ಮಲ್ಲಿ 3 ಟನ್‌ಗೆ ಕಡಿಮೆ ಬರುವುದೇ ಇಲ್ಲ. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ಚೀಟಿ ಹರಿದು ಕೊಟ್ಟು ಬಲಕ್ಕೆ ಕಳಿಸಿಬಿಟ್ಟೆ.

ಸುರಿದಾಗ ಅಡಿಯಿಂದ ಬಂದಿದ್ದು ಕೊಳೆತ ಅಡುಗೆಮನೆ ಕಸ, ಹಾಸಿಗೆ ಹತ್ತಿ, ಪೇಂಟ್ ಡಬ್ಬ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರು, ಒಡೆದ ಟ್ಯೂಬ್‌ಲೈಟು. ಕಬ್ಬಿಣ ಆರಿಸಲು ಹೋದ ಅಕ್ಕನ ಬಲ ಅಂಗೈಗೆ ಗ್ಲೌಸ್ ತೂರಿಕೊಂಡು ಗಾಜು ಹೊಕ್ಕಿತು. ಮೂರು ಹೊಲಿಗೆ. ಹತ್ತು ದಿನ ಅವರು ಎಡಗೈಯಲ್ಲಿ ಉಂಡರು. ಆ ಚೀಟಿಯ ಮೇಲಿದ್ದ ಸಹಿ ನನ್ನದು.

ಚೊಕ್ಕ ಡೆಬ್ರಿಸ್ ನಮಗೆ ಮಳೆಗಾಲದಲ್ಲಿ ಎಷ್ಟು ಬೇಕು ಗೊತ್ತಾ? ಒಳಗಿನ ದಾರಿ ಕೆಸರಾಗಿ ಟಿಪ್ಪರ್ ಹೂತುಕೊಂಡರೆ ಇಟ್ಟಿಗೆ ಚೂರು ಹಾಸಿಯೇ ಎತ್ತುವುದು. ಆವತ್ತಿನ ಮಾಲಲ್ಲಿ ಒಂದು ಬುಟ್ಟಿಯೂ ದಾರಿಗೆ ಆಗಲಿಲ್ಲ. ಪಿಒಪಿ, ಜಿಪ್ಸಂ ಬೋರ್ಡಿನ ಕಥೆ ಇನ್ನೂ ಕೆಟ್ಟದ್ದು. ಹಸಿ ಕಸದ ಜೊತೆ ಗಾಳಿಯಾಡದೆ ಹೂತುಹೋದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆ ವಾಸನೆಯ ವಿಷದ ಗಾಳಿ ಅದು. ಟ್ಯೂಬ್‌ಲೈಟಿನಲ್ಲಿ ಪಾದರಸ ಬೇರೆ. ಕಟ್ಟಡದ ತ್ಯಾಜ್ಯ ಬೇರೆ ಇಡಬೇಕು ಅಂತ ಕೇಂದ್ರದ ನಿಯಮ 2016ರಲ್ಲೇ ಬಂದಿದೆ.

ಈಗ ಅಳತೆಗೂ ತೂಕಕ್ಕೂ ಹೊಂದದಿದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸುತ್ತೇನೆ. ಟಾರ್ಪಾಲ್ ತೆಗೆಸಿ, ಹಿಂದಿನ ಬಾಗಿಲು ಬಿಚ್ಚಿಸಿ, ಅಡಿಯಲ್ಲಿ ಏನಿದೆ ನೋಡಿಯೇ ಚೀಟಿ. ಹಾರ್ನ್ ಹೊಡೆದರೆ ಹೊಡೆಯಲಿ.

ಆದರೆ ಬೆರೆತದ್ದನ್ನು ಗೇಟಿನಲ್ಲಿ ಬಿಡಿಸುವುದು ಕಷ್ಟ. ಮನೆ ಒಡೆಸುವವರು ಮೇಸ್ತ್ರಿಗೆ ಮೊದಲ ದಿನವೇ ಹೇಳಿಬಿಡಿ: ಇಟ್ಟಿಗೆ, ಗಾರೆ ಒಂದು ಗುಡ್ಡೆ, ಪಿಒಪಿ ಬೇರೆ ಚೀಲ, ಮನೆ ಕಸ ದಿನಾ ಬರುವ ಆಟೋಗೆ. ಟ್ಯೂಬ್‌ಲೈಟನ್ನು ರಟ್ಟಿನ ಕವರಿಗೆ ಹಾಕಿ ಆ ಆಟೋ ಡ್ರೈವರ್ ಕೈಗೇ ಕೊಡಿ, ಒಳಗೆ ಏನಿದೆ ಅಂತಲೂ ಹೇಳಿ.