ಹಳಿ ಒರೆಸಿದ್ದೇ ಬಂತು

ರೈಲು ಸುರಂಗದೊಳಗೆ ಹೋಯಿತು. ಆಚೆ ಬರಲೇ ಇಲ್ಲ.

ಅಕ್ಕನ ಮಗ ಆ ಕಡೆ ಬಾಯಿಗೆ ಕಣ್ಣಿಟ್ಟು ಕಾಯುತ್ತಿದ್ದ. ನಾನು ಕೈ ತೂರಿಸಿ ನನ್ನ ಮಾದರಿ ರೈಲಿನ ಪುಟ್ಟ ಎಂಜಿನ್ನಿಗೆ ಮೆಲ್ಲಗೆ ಒಂದು ತಳ್ಳು ಕೊಟ್ಟೆ. ಗೇಣುದ್ದ ಓಡಿ ಮತ್ತೆ ನಿಂತಿತು. ‘ಮಾಮಾ, ಇದಕ್ಕೆ ಹುಷಾರಿಲ್ವಾ?’ ಎಂದ.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ರಾತ್ರಿ ತಾನೇ ಎರಡು ಗಂಟೆ ಕೂತು ಇಡೀ ಹಳಿ ಒರೆಸಿದ್ದೆ.

ನನ್ನದು ಎಚ್‌ಒ ಸ್ಕೇಲ್. ಅಳತೆ 1:87, ಅಂದರೆ ನಿಜವಾದ ರೈಲಿನ ಎಂಬತ್ತೇಳನೇ ಒಂದು ಪಾಲು; ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಕರೆಂಟು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಹೋಗಬೇಕು. ಗಾಲಿ ಹಳಿಗೆ ತಾಗುವ ಜಾಗ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಅಲ್ಲೊಂದು ಚುಕ್ಕೆ ಮಸಿ ಕೂತರೆ ಸಾಕು, ಕೆಲಸ ಕೆಟ್ಟಿತು. ದೀಪ ಆರಿಸಿ ನೋಡಿದರೆ ಗಾಲಿಯ ಕೆಳಗೆ ಪುಟ್ಟ ಪುಟ್ಟ ಕಿಡಿಗಳು ಕಾಣುತ್ತವೆ. ನೋಡೋಕೆ ಚೆನ್ನಾಗಿರುತ್ತೆ, ಆದರೆ ಆ ಕಿಡಿಯೂ ಮಸಿ ಹುಟ್ಟಿಸುತ್ತದೆ.

ಶುರುವಿನಲ್ಲಿ ನಾನು ಮರಳು ಕಾಗದ ಹಿಡಿದು ಉಜ್ಜುತ್ತಿದ್ದೆ. ಹಳಿ ಫಳಫಳ ಹೊಳೆಯುತ್ತಿತ್ತು. ಸುಮ್ನೆ ಖುಷಿ! ಉಜ್ಜಿದಷ್ಟೂ ಗೀರು ಬಿತ್ತು, ಗೀರಿನೊಳಗೆ ಕೊಳೆ ಇನ್ನೂ ಜಾಸ್ತಿ ಕೂತಿತು. (ಹಳಿಯ ಲೋಹದ ಹೆಸರು ನಿಕಲ್ ಸಿಲ್ವರ್. ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ತಾಮ್ರ, ಸತು, ನಿಕಲ್ ಅಷ್ಟೆ. ನಾನು ಮಾತ್ರ ಬೆಳ್ಳಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದೆ.) ಆಮೇಲೆ ಬುದ್ಧಿ ಬಂದು, ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಜಿಡ್ಡು ಬಿಡಿಸಿ ಬೇಗ ಆರಿಹೋಗುವ ದ್ರವ) ಹಾಕಿ ಒರೆಸತೊಡಗಿದೆ. ಆದರೂ ನಾಲ್ಕು ದಿನಕ್ಕೆ ಅದೇ ಕಥೆ.

ಅವತ್ತು ಹುಡುಗ ಬೇಜಾರಾಗಿ ಒಂದು ಬೋಗಿಯನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸುತ್ತಾ ಕೂತ. ‘ಇದೇನು ಕಪ್ಪಗೆ?’ ಎಂದು ಉಗುರಿನಿಂದ ಕೆರೆದ. ಪ್ಲಾಸ್ಟಿಕ್ ಗಾಲಿಯ ಸುತ್ತ ಕೂತಿದ್ದ ಜಿಡ್ಡು ಸಣ್ಣ ಸುರುಳಿಯಾಗಿ ಎದ್ದು ಬಂತು. ನನಗೆ ನಗುವೂ ಬಂತು, ಅವಮಾನವೂ ಆಯಿತು. ನಾನು ಹಳಿಯಿಂದ ತೆಗೆದ ಮಸಿಯನ್ನು ಈ ಬೋಗಿಗಳು ಸುತ್ತು ಹೊಡೆದು ಹೊಡೆದು ವಾಪಸ್ ಬಳಿಯುತ್ತಿದ್ದವು. ಒಂಬತ್ತು ಬೋಗಿ, ಎಪ್ಪತ್ತೆರಡು ಗಾಲಿ. ಒಂದನ್ನೂ ನಾನು ಒಂದು ದಿನಕ್ಕೂ ಮುಟ್ಟಿರಲಿಲ್ಲ!

ಇಬ್ಬರೂ ಹಲ್ಲುಕಡ್ಡಿ ಹಿಡಿದು ಕೂತೆವು. ಎಂಜಿನ್ನಿಗೆ ಬೇರೆ ಉಪಾಯ. ಟಿಶ್ಯೂ ಕಾಗದವನ್ನು ಆಲ್ಕೋಹಾಲಿನಲ್ಲಿ ತೊಟ್ಟಿಕ್ಕದಷ್ಟು ಒದ್ದೆ ಮಾಡಿ ಹಳಿಗೆ ಅಡ್ಡ ಹಾಸಿದೆ. ಎಂಜಿನ್ನಿನ ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನವು ಬರೀ ಹಳಿಯ ಮೇಲೆ. ಕೈಯಲ್ಲಿ ಹಿಡಿದುಕೊಂಡೇ ಕರೆಂಟು ಕೊಟ್ಟೆ. ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿದವು. ಎತ್ತಿ ನೋಡಿದರೆ ಕಾಗದದ ಮೇಲೆ ಕಾಡಿಗೆ ತೀಡಿದಂಥ ಗೆರೆಗಳು. ‘ಇನ್ನೊಂದ್ಸಲ!’ ಎಂದು ಕುಣಿದ. ಐದು ಸಲ ಮಾಡಿದೆವು. ಐದನೆಯ ಕಾಗದ ಬಹುತೇಕ ಬಿಳಿಯಾಗಿಯೇ ಉಳಿಯಿತು.

ಕೊನೆಗೆ ಹಳಿಯನ್ನೂ ಒಮ್ಮೆ ಒರೆಸಿ, ಒಣಗಲು ಬಿಟ್ಟು, ರೈಲು ಬಿಟ್ಟೆ. ಅತಿ ನಿಧಾನದಲ್ಲಿ ಸುರಂಗ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಮುಂದಿನ ದೀಪ ಮಿನುಗದೆ, ಒಂದೇ ಸಮ ಉರಿಯುತ್ತಾ ಆಚೆ ಬಂತು. ‘ನೋಡೋ, ನೋಡು!’ ಎಂದು ಕೂಗಿದೆ.

ಅವನು ತಲೆ ಎತ್ತಲಿಲ್ಲ. ಒಂಬತ್ತನೆಯ ಬೋಗಿಯಲ್ಲಿ ಇನ್ನೂ ಎರಡು ಗಾಲಿ ಬಾಕಿ ಇದ್ದವು.