ಸಂಬಳ ಕೈಸೇರಿದ ಮೇಲೆ ರಿಯಾಯಿತಿ

ಹೊಸ ಕಂಪನಿಯೊಂದನ್ನು ಕರೆತರಲು ಅಮೆರಿಕದ ರಾಜ್ಯವೊಂದು ತೆರಿಗೆ ರಿಯಾಯಿತಿ ಘೋಷಿಸಿದಾಗಲೆಲ್ಲ ನಾನು ಮೊದಲು ಹುಡುಕುವುದು ಒಟ್ಟು ಮೊತ್ತವನ್ನಲ್ಲ, ಆ ಹಣ ಯಾವಾಗ ಮತ್ತು ಯಾವ ಷರತ್ತಿನ ಮೇಲೆ ಕಂಪನಿಯ ಕೈಸೇರುತ್ತದೆ ಎಂಬ ವಿವರವನ್ನು. ಹೆಚ್ಚು ಸಂಬಳದ ಉದ್ಯೋಗ ಸೃಷ್ಟಿಯೇ ಗುರಿಯಾಗಿದ್ದರೆ, ಸಂಬಳ ನಿಜವಾಗಿ ಪಾವತಿಯಾದ ನಂತರವೇ ರಿಯಾಯಿತಿ ಸಿಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ವಿಸ್ಕಾನ್ಸಿನ್ ರಾಜ್ಯದ ಅನುಭವವನ್ನೇ ನೋಡಬಹುದು. 2017ರಲ್ಲಿ ಅದು ಫಾಕ್ಸ್‌ಕಾನ್ ಕಂಪನಿಗೆ ಸುಮಾರು 300 ಕೋಟಿ ಡಾಲರ್ ನೆರವು ನೀಡಲು ಒಪ್ಪಿತು. ಪ್ರತಿಯಾಗಿ ಕಂಪನಿ ಸರಾಸರಿ 53,875 ಡಾಲರ್ ವಾರ್ಷಿಕ ವೇತನದ 13,000 ಉದ್ಯೋಗಗಳ ಮಾತು ಕೊಟ್ಟಿತು. ಆ ರಾಜ್ಯದಲ್ಲಿ ತಯಾರಿಕಾ ಉದ್ಯಮಗಳ ಮೇಲಿನ ಆದಾಯ ತೆರಿಗೆ ಆಗಲೇ ಬಹುತೇಕ ಶೂನ್ಯಕ್ಕೆ ಇಳಿದಿದ್ದರಿಂದ, ತೆರಿಗೆ ರಿಯಾಯಿತಿ ಎಂದು ಕರೆಯಲಾದ ಈ ನೆರವು ವಾಸ್ತವದಲ್ಲಿ ಬೊಕ್ಕಸದಿಂದ ಕೊಡಬೇಕಾದ ನಗದೇ ಆಗಿತ್ತು. ಉದ್ಯೋಗಗಳು ಬರಲಿಲ್ಲ. 2021ರ ಪರಿಷ್ಕೃತ ಒಪ್ಪಂದದಲ್ಲಿ ನೆರವು 8 ಕೋಟಿ ಡಾಲರಿಗೂ ಉದ್ಯೋಗದ ಗುರಿ 1,454ಕ್ಕೂ ಇಳಿಯಿತು. ನೆರವನ್ನು ನೇಮಕಾತಿಗೆ ಕಟ್ಟಿಹಾಕಿದ್ದರಿಂದ ರಾಜ್ಯದ ಹಣ ಬಹುಪಾಲು ಉಳಿಯಿತು. ಆದರೆ ಕಾರ್ಖಾನೆ ಬರಬೇಕಿದ್ದ ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿನ ಆಡಳಿತ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಅಷ್ಟರಲ್ಲಾಗಲೇ ಸಾಲ ಎತ್ತಿ ಜಮೀನು ಕೊಂಡಿತ್ತು, ಮನೆಗಳನ್ನು ತೆರವುಗೊಳಿಸಿತ್ತು, ರಸ್ತೆ ಮತ್ತು ನೀರಿನ ಕೊಳವೆಗಳಿಗೆ ಖರ್ಚು ಮಾಡಿತ್ತು. ಮನೆ ಬಿಟ್ಟುಹೋದವರ ಪಾಲಿಗೆ ಪರಿಷ್ಕೃತ ಒಪ್ಪಂದದಿಂದ ಏನೂ ಮರಳಲಿಲ್ಲ.

ಸರಾಸರಿ ವೇತನ ಎಂಬ ಅಳತೆಯನ್ನೂ ನಾನು ಸುಲಭವಾಗಿ ನಂಬುವುದಿಲ್ಲ. ಒಂಬತ್ತು ಜನರಿಗೆ ತಲಾ 40,000 ಡಾಲರ್, ಒಬ್ಬ ಮ್ಯಾನೇಜರಿಗೆ 1,80,000 ಡಾಲರ್ ಕೊಟ್ಟರೆ ಸರಾಸರಿ 54,000 ಆಗುತ್ತದೆ. ಆ ಹತ್ತು ಜನರಲ್ಲಿ ಒಬ್ಬರೂ ಅಷ್ಟು ಸಂಬಳ ಪಡೆಯುತ್ತಿರುವುದಿಲ್ಲ. ಈ ದೃಷ್ಟಿಯಿಂದ ನ್ಯೂ ಮೆಕ್ಸಿಕೊ 2004ರಲ್ಲಿ ತಂದ ಹೆಚ್ಚು ವೇತನದ ಉದ್ಯೋಗಗಳ ತೆರಿಗೆ ಕ್ರೆಡಿಟ್ (ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ನನಗೆ ಮೆಚ್ಚುಗೆಯಾಗುತ್ತದೆ. ಅಲ್ಲಿ ಪ್ರತಿ ಉದ್ಯೋಗವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ: ಕಾಯ್ದೆಯ ನಂತರದ ತಿದ್ದುಪಡಿಗಳ ಪ್ರಕಾರ ನಗರ ಪ್ರದೇಶದಲ್ಲಿ ಕನಿಷ್ಠ 60,000 ಡಾಲರ್, ಗ್ರಾಮೀಣ ಪ್ರದೇಶದಲ್ಲಿ ಕನಿಷ್ಠ 40,000 ಡಾಲರ್ ಸಂಬಳವಿರಬೇಕು, ಮತ್ತು ಕ್ರೆಡಿಟ್ ಆ ಸಂಬಳದ ಶೇ. 8.5ರಷ್ಟು, ಗರಿಷ್ಠ 12,750 ಡಾಲರ್. 1993ರಲ್ಲಿ ಆರಂಭವಾದ ಒಕ್ಲಹೋಮದ ಕ್ವಾಲಿಟಿ ಜಾಬ್ಸ್ ಯೋಜನೆಯಲ್ಲೂ ಕಂಪನಿ ಹೊಸ ಉದ್ಯೋಗಗಳ ವೇತನ ಲೆಕ್ಕವನ್ನು ಸಲ್ಲಿಸಿದ ಮೇಲೆ ಮೂರು ತಿಂಗಳಿಗೊಮ್ಮೆ ಹಣ ಸಿಗುತ್ತದೆ.

ಹೀಗೆ ಬಿಗಿಗೊಳಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ: ರಿಯಾಯಿತಿ ಇಲ್ಲದಿದ್ದರೂ ಆ ಕಂಪನಿ ಅಲ್ಲಿಗೇ ಬರುತ್ತಿತ್ತೇ? ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿರುವ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಅವರ 2018ರ ಅಂದಾಜಿನಂತೆ, ನೆರವಿನಿಂದಾಗಿಯೇ ನಿರ್ಧಾರ ಬದಲಿಸುವ ಕಂಪನಿಗಳು ಶೇ. 2ರಿಂದ ಶೇ. 25ರಷ್ಟು ಮಾತ್ರ. ಹಾಗಾಗಿ ವರ್ಜೀನಿಯಾ 2018ರಲ್ಲಿ, ತನ್ನಲ್ಲಿ ಎರಡನೇ ಮುಖ್ಯ ಕಚೇರಿ ಕಟ್ಟಲು ಮುಂದಾದ ಅಮೆಜಾನ್‌ಗೆ ಪ್ರತಿ ಉದ್ಯೋಗಕ್ಕೆ 22,000 ಡಾಲರ್ ಲೆಕ್ಕದಲ್ಲಿ ನೆರವು ಒಪ್ಪಿಕೊಂಡದ್ದಕ್ಕಿಂತ, ಅದರ ಜೊತೆಗೆ ತನ್ನ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ವಿಸ್ತರಿಸಲು ಹಣ ತೊಡಗಿಸಿದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 2023ರಲ್ಲಿ ಅಮೆಜಾನ್ ಅಲ್ಲಿನ ಎರಡನೇ ಹಂತದ ನಿರ್ಮಾಣವನ್ನು ತಡೆಹಿಡಿದಾಗಲೂ ಆ ಪದವೀಧರರು ಬೇರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಲ್ಲವರಾಗಿದ್ದರು.

ಇನ್ನು ಲೆಕ್ಕಪತ್ರದ ವಿಷಯ. 2015ರಲ್ಲಿ ಹೊರಬಂದ ಸರ್ಕಾರಿ ಲೆಕ್ಕಪತ್ರ ಮಾನದಂಡ 77ರ ಪ್ರಕಾರ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ರಿಯಾಯಿತಿಯಿಂದ ಕಳೆದುಕೊಂಡ ತೆರಿಗೆಯ ಮೊತ್ತವನ್ನು ವಾರ್ಷಿಕ ವರದಿಯಲ್ಲಿ ತೋರಿಸಬೇಕು. ಆದರೆ ಪಡೆದ ಕಂಪನಿಯ ಹೆಸರನ್ನಾಗಲಿ, ಅದು ಕೊಟ್ಟ ಉದ್ಯೋಗ ಮತ್ತು ಸಂಬಳವನ್ನಾಗಲಿ ತಿಳಿಸುವ ಕಡ್ಡಾಯವಿಲ್ಲ. ಈ ವಿವರಗಳೂ ಅದೇ ಪುಟದಲ್ಲಿ ಸೇರಬೇಕೆಂದು ಶಾಸಕರ ಮುಂದೆ ಒತ್ತಾಯಿಸುವುದು ತೆರಿಗೆ ಕಟ್ಟುವವರ ಹಕ್ಕು.