ಕ್ಯೋಟೊದ ಶೆಡ್ಡಿನಲ್ಲಿ ಡೆಗೊಯಿಚಿ

ಕ್ಯೋಟೊಗೆ ಬಂದ ಹೊಸದರಲ್ಲಿ ದೇವಸ್ಥಾನ ಸುತ್ತಿ ಸುತ್ತಿ ಕಾಲು ಸೋತಿತ್ತು. ಒಂದು ಭಾನುವಾರ ಮಗನ ಹಟಕ್ಕೆ ಮಣಿದು ಉಮೆಕೋಜಿಯ ರೈಲ್ವೆ ಮ್ಯೂಸಿಯಂಗೆ ಹೋದೆವು. 1914ರಲ್ಲಿ ಕಟ್ಟಿದ, ಬೀಸಣಿಗೆ ಬಿಚ್ಚಿಟ್ಟ ಹಾಗಿರೋ ಲೋಕೋ ಶೆಡ್. ಒಳಗೆ ಹೋಗ್ತಿದ್ದ ಹಾಗೆ ಕಲ್ಲಿದ್ದಲು, ಬಿಸಿ ಎಣ್ಣೆಯ ವಾಸನೆ. ಅಜ್ಜನೊಬ್ಬ ಮೊಮ್ಮಗಳನ್ನು ಎತ್ತಿಕೊಂಡು "ಡೆಗೊಯಿಚಿ, ಡೆಗೊಯಿಚಿ" ಅಂತ ತೋರಿಸುತ್ತಿದ್ದ.

ಡಿ51 ಅನ್ನೋ ಜಪಾನಿನ ಉಗಿ ಇಂಜಿನ್ನಿಗೆ ಜನ ಇಟ್ಟ ಮುದ್ದಿನ ಹೆಸರದು. 'ಗೊ' ಅಂದ್ರೆ ಐದು, 'ಇಚಿ' ಅಂದ್ರೆ ಒಂದು. 'ಡಿ' ಅಂದರೆ ಎಳೆಯುವ ಗಾಲಿ ನಾಲ್ಕು ಜೊತೆ. ಮುಂದೊಂದು ಜೊತೆ, ಹಿಂದೊಂದು ಜೊತೆ ಸಣ್ಣ ಗಾಲಿ. ಈ ಜೋಡಣೆಗೆ ಲೋಕವೆಲ್ಲ 'ಮಿಕಾಡೊ', ಅಂದರೆ ಜಪಾನಿನ ಚಕ್ರವರ್ತಿ, ಅನ್ನುತ್ತೆ. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ಜಪಾನಿಗೆ ಇಂಥ ಇಂಜಿನ್ ಮಾಡಿಕೊಟ್ಟಿತ್ತು, ಹೆಸರು ಅಲ್ಲಿಂದ ಬಂತು. ನಮ್ಮ ಮೀಟರ್ ಗೇಜಿನ ವೈಜಿ ಇಂಜಿನ್ನೂ ಇದೇ ಜಾತಿ!

ಗಾಲಿ ಪಕ್ಕ ನಿಂತು ನೋಡಿದೆ. 1.4 ಮೀಟರ್, ನನ್ನ ಎದೆಮಟ್ಟ. ವೇಗದ ಇಂಜಿನ್ನಿಗೆ ಇದಕ್ಕಿಂತ ದೊಡ್ಡ ಗಾಲಿ ಬೇಕು. ಇದು ಓಟಕ್ಕಲ್ಲ, ಗೂಡ್ಸ್ ಎಳೆಯೋಕೆ ಮಾಡಿದ್ದು. 1936ರಿಂದ 1945ರೊಳಗೆ ಜಪಾನಿನ ಸರ್ಕಾರಿ ರೈಲ್ವೆಗೆ ಇಂಥವು 1,115 ಬಂದವು. ಅಲ್ಲಿ ಬೇರೆ ಯಾವ ಇಂಜಿನ್ನೂ ಇಷ್ಟೊಂದು ತಯಾರಾಗಿಲ್ಲ. ಮೊದಲ ಇಂಜಿನ್ ಇದೇ ಶೆಡ್ಡಿನಲ್ಲಿದೆ. ಚಿಮಣಿಯಿಂದ ಹಿಂದಕ್ಕೆ ಉದ್ದ ಮುಚ್ಚಳ ಹೊದಿಸಿದ ಮೊದಮೊದಲ 95 ಇಂಜಿನ್‌ಗಳಿಗೆ 'ನಮೆಕುಜಿ', ಅಂದರೆ ಚಿಪ್ಪಿಲ್ಲದ ಬಸವನಹುಳು ಅಂತ ಅಡ್ಡಹೆಸರು. ನೋಡಿದರೆ ಸರಿಯಾಗೇ ಇಟ್ಟಿದ್ದಾರೆ ಅನ್ನಿಸಿತು.

ಯುದ್ಧದ ಕೊನೆಯಲ್ಲಿ ಬಂದವುಗಳ ಪಾಡು ಬೇರೆ. ಉಕ್ಕಿಗೆ ಬರ. ಹೊಗೆ ಪಕ್ಕಕ್ಕೆ ಸರಿಸೋ ತಗಡಿನ ಬದಲು ಮರದ ಹಲಗೆ. ಉಕ್ಕು ಕಡಿಮೆಯಾಗಿ ಇಂಜಿನ್ ಹಗುರಾಯ್ತು, ಗಾಲಿ ಹಳಿ ಹಿಡಿಯದೆ ಜಾರೋ ಕಷ್ಟ. ತೂಕಕ್ಕೆ ಕಾಂಕ್ರೀಟ್ ತುಂಬಿದರು! ಆದರೂ ಈ ಜಾತಿಯ ಇಂಜಿನ್‌ಗಳು 1975ರ ತನಕ ದುಡಿದವು.

ಮೇಲಿನ ಟೆರೇಸಿಗೆ ಹತ್ತಿದೆವು. ದೂರದಲ್ಲಿ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಸುಯ್ಯಂತ ಹೋಯ್ತು. ಮಗ ಕುಣಿದಾಡಿದ. ಡಿ51ರ ವಿನ್ಯಾಸದ ಮುಂದಾಳು ಶಿಮಾ ಹಿದೆಯೊ. ಶಿಂಕಾನ್ಸೆನ್ನಿನ ಮುಖ್ಯ ಇಂಜಿನಿಯರೂ ಅವರೇ. ಖರ್ಚು ಅಂದಾಜು ಮೀರಿತು ಅಂತ ಗಲಾಟೆಯಾಗಿ 1963ರಲ್ಲಿ ಹುದ್ದೆ ಬಿಟ್ಟರು. 1964ರ ಅಕ್ಟೋಬರ್ 1ರಂದು ಮೊದಲ ರೈಲು ಹೊರಟಿದ್ದನ್ನು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದರಂತೆ.